ನೂರ ಐದು, ನೂರ ಹತ್ತು, ನೂರ ಹದಿನೈದು

ಫೆಬ್ರವರಿ 4

ಅಣ್ಣನಿಗೆ,

ಆರು ತಿಂಗಳಿಂದ ನಿನ್ನಿಂದ ಮುಚ್ಚಿಟ್ಟದ್ದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಕ್ಷೇಮ ಸಮಾಚಾರದಿಂದ ಶುರುಮಾಡಿದರೆ ಧೈರ್ಯ ಅಲ್ಲಿಗೇ ಖರ್ಚಾಗುತ್ತದೆ. ಆಗಸ್ಟ್ ತಿಂಗಳಲ್ಲಿ ನಾನು ಏಣಿ ಹತ್ತಲಿಲ್ಲ.

ಫಿಲ್ಟರ್ ಮಾಡುವ ಮುಂಚೆ ನಿಮ್ಮ ಕಂಪನಿ ಕಳಿಸಿದ್ದ ನಮೂನೆಯಲ್ಲಿ ಹದಿನಾರನೇ ಪ್ರಶ್ನೆ ನೆನಪಿದೆಯಾ? ಹೊಗೆ ಫಿಲ್ಟರಿಗೆ ಹೋಗುವ ಕೊಳವೆಯ ಬಾಯಲ್ಲಿ ಶಾಖ ಎಷ್ಟು ಎಂದು ಕೇಳಿತ್ತು. ಕುಲುಮೆಗೆ ಹಳೇ ಬ್ಯಾಟರಿಯ ಮಾಲು ಹಾಕುವಾಗ, ಕರಗುವಾಗ, ಸೀಸ ಇಳಿಸುವಾಗ, ಹೀಗೆ ಮೂರು ಸಲ ಅಳೆಯಬೇಕಿತ್ತು. ಅಳೆಯುವ ಕಡ್ಡಿಯನ್ನು ನೀನೇ ಪಾರ್ಸೆಲ್ ಮಾಡಿದ್ದೆ. ತೂಕದ ಕಟ್ಟೆಯಲ್ಲಿ ಚೀಟಿ ಬರೆಯುವವಳು, ಅಕ್ಷರ ದುಂಡಗಿದೆ, ಹೆದರಿಕೆ ಅನ್ನುವುದೇ ಗೊತ್ತಿಲ್ಲ ಎಂದು ಭಾವ ಯಜಮಾನರ ಮುಂದೆ ನನ್ನನ್ನು ಹೊಗಳಿ ಆ ಕೆಲಸ ಕೊಡಿಸಿದರು. ಏಣಿಗೆ ಮೂವತ್ತೆರಡು ಮೆಟ್ಟಿಲು. ಏಳನೆಯದರಲ್ಲಿ ಕೆಳಗೆ ನೋಡಿದೆ. ಹಳೇ ಬ್ಯಾಟರಿಗಳ ರಾಶಿಯೆಲ್ಲ ತಿರುಗಿದಂತಾಯಿತು. ಇಳಿದು, ನೀರಿನ ತೊಟ್ಟಿಯ ಹಿಂದೆ ಕೂತು, ಮೂರು ಸಂಖ್ಯೆ ಬರೆದೆ. ಭಾವ ಕೇಳಿದಾಗ, ಮೇಲೆ ಗಾಳಿ ಜೋರಾಗಿತ್ತು ಎಂದೂ ಸೇರಿಸಿದೆ.

ಇನ್ಸ್ಪೆಕ್ಟರು ಬಂದ ದಿನ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದುಕೊಟ್ಟರು ಎಂದು ಎದ್ದು ನಿಂತು ಹೇಳಿ, ಆಮೇಲೆ ಆ ಶಾಲೆಯಲ್ಲಿ ಇರಲಾಗದೆ ಒಂಬತ್ತನೇ ತರಗತಿಗೇ ಬಿಟ್ಟವಳು ನಾನು. ಅದನ್ನು ಹೆಮ್ಮೆಯಿಂದ ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೇನೆ ಎನ್ನುವುದು ನಿನಗೆ ಗೊತ್ತು. ಆದ್ದರಿಂದಲೇ ಇದನ್ನು ಹೇಳಲು ಇಷ್ಟು ದಿನ ಹಿಡಿಯಿತು.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಫಿಲ್ಟರ್ ಓಡಲು ಶುರುವಾಗಿ ಮೂರು ತಿಂಗಳಾಯಿತು. ಮೊದಲ ತಿಂಗಳು ಚಿಮಣಿಯ ಬಾಯಲ್ಲಿ ಹೊಗೆಯೇ ಕಾಣುತ್ತಿರಲಿಲ್ಲ. ಈಗ ಒಣಹಾಕಿದ ಬಟ್ಟೆಯ ಮೇಲೆ ಮತ್ತೆ ಬೂದು ಪುಡಿ ಕೂರುತ್ತಿದೆ. ನಮ್ಮ ಸಾಲುಮನೆಗಳು ಚಿಮಣಿಗೆ ಐವತ್ತು ಹೆಜ್ಜೆ. ಅಕ್ಕನ ಮಗಳು ಗುಬ್ಬಿಗೆ ಎರಡೂವರೆ ವರ್ಷ ತುಂಬಿತು. 'ಚಿಕ್ಕಿ ಬಾ' ಅನ್ನುತ್ತಿದ್ದವಳು ಈಗ ಬರೀ ಕೈ ತೋರಿಸುತ್ತಾಳೆ. ನರ್ಸು ರಕ್ತ ತೆಗೆದುಕೊಂಡು ಹೋಗಿದ್ದರು. ಸೀಸ ಮೂವತ್ತೆಂಟು ಎಂದು ಬಂದಿದೆ. ಹತ್ತು ದಾಟಬಾರದಂತೆ.

ಒಂದೇ ಪ್ರಶ್ನೆ, ಅಣ್ಣ. ಫಿಲ್ಟರಿನೊಳಗಿನ ಆ ಚೀಲಗಳ ಬಟ್ಟೆ ಎಷ್ಟು ಶಾಖ ತಡೆಯುತ್ತದೆ? ಫೋನ್ ಮಾಡಬೇಡ, ಫೋನಿರುವುದು ಯಜಮಾನರ ಕೋಣೆಯಲ್ಲಿ. ಬರೆ.

ನಿನ್ನ ತಂಗಿ


ಫೆಬ್ರವರಿ 12

ಗಾಳಿಪಟಕ್ಕೆ,

ನಿನ್ನ ಪತ್ರ ಓದಿದೆ. ಗುಬ್ಬಿಯ ವಿಷಯ ಓದಿ ಸಂಕಟವಾಯಿತು. ಕೈ ಆಗಾಗ ತೊಳೆಸಿ, ಹಾಲು ಕೊಡಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಭಾವ ಕುಲುಮೆಯ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತಾರೆ ಎಂದು ನನ್ನ ಅನುಮಾನ. ಮೊದಲು ಅದನ್ನು ನಿಲ್ಲಿಸಿ.

ಫಿಲ್ಟರಿನ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ. ಯಾವ ಯಂತ್ರ ಬೇಕೆಂದು ನಾವು ಸುಮ್ಮನೆ ಆರಿಸಿಲ್ಲ. ಸೈಕ್ಲೋನ್ ಎನ್ನುವ ಯಂತ್ರ ಹೊಗೆಯನ್ನು ಗಿರ್ರನೆ ಸುತ್ತಿಸಿ ದಪ್ಪ ದೂಳನ್ನಷ್ಟೇ ಕೆಳಗೆ ಬೀಳಿಸುತ್ತದೆ. ಸೀಸದ ಹೊಗೆ ಹಿಟ್ಟಿಗಿಂತ ನುಣ್ಣಗಿರುತ್ತದೆ, ಅದರ ಕೈಗೆ ಸಿಗುವುದಿಲ್ಲ. ನೀರು ಚಿಮ್ಮಿಸಿ ತೊಳೆಯುವ ಸ್ಕ್ರಬ್ಬರ್ ಹಾಕಿದರೆ ಗಾಳಿಯ ವಿಷ ನೀರಿಗೆ ಬರುತ್ತದೆ, ಆ ನೀರನ್ನು ನೀವು ಹಿಂದಿನ ಹಳ್ಳಕ್ಕೇ ಬಿಡುತ್ತೀರಿ. ಆದ್ದರಿಂದ ಬಟ್ಟೆ ಚೀಲದ ಫಿಲ್ಟರ್. ನೂರ ಇಪ್ಪತ್ತು ಚೀಲ. ಹೊಗೆ ಬಟ್ಟೆಯೊಳಗಿಂದ ನುಸುಳಿ ಹೋಗಬೇಕು, ದೂಳು ಇತ್ತ ಕಡೆಯೇ ನಿಲ್ಲಬೇಕು. ನಿಮ್ಮ ಕುಲುಮೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಲೆಕ್ಕ ಹಾಕುವಾಗ ಸ್ವಲ್ಪ ಹೆಚ್ಚುಕಮ್ಮಿಗೆ ಜಾಗ ಬಿಟ್ಟೇ ಹಾಕಿರುತ್ತೇವೆ. ಚೀಲಗಳಿರುವ ಪೆಟ್ಟಿಗೆಯ ಪಕ್ಕ ಗಾಜಿನ ಕೊಳವೆಯಲ್ಲಿ ಬಣ್ಣದ ನೀರಿದೆಯಲ್ಲ, ಅದರ ಎರಡು ಕಡೆಯ ಮಟ್ಟದ ನಡುವೆ ಎಷ್ಟು ಅಂತರ ಇದೆ ನೋಡಿ ಬರೆ. ಹೊಗೆಗೆ ಬಟ್ಟೆ ಎಷ್ಟು ತಡೆ ಒಡ್ಡುತ್ತಿದೆ ಎಂದು ತೋರಿಸುವುದು ಅದೇ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಹೊಲಿಗೆ ತರಗತಿ ಮೂರು ತಿಂಗಳು, ಪ್ರಿಂಟಿಂಗ್ ಪ್ರೆಸ್ಸು ಐದು ತಿಂಗಳು, ಔಷಧದ ಅಂಗಡಿ ಎಷ್ಟು ವಾರ ಎಂದು ನೀನೇ ಹೇಳಬೇಕು. ಒಂದು ಕಡೆ ಬೇಸರ ಬಂದರೆ ನಿನಗೆ ಅಲ್ಲಿ ಏನೋ ಒಂದು ಅನ್ಯಾಯ ಕಾಣಲು ಶುರುವಾಗುತ್ತದೆ. ಈ ಸಲವಾದರೂ ಕಾಲೂರಿ ನಿಲ್ಲು.

ಏಣಿಯ ವಿಷಯ ಬೇರೆ ಯಾರಿಗಾದರೂ ಹೇಳಿದ್ದೀಯಾ? ಹೇಳಬೇಡ.

ಅಣ್ಣ


ಫೆಬ್ರವರಿ 18

ಅಣ್ಣನಿಗೆ,

ಕೇಳಿದ್ದು ಒಂದು ಪ್ರಶ್ನೆ. ನೀನು ಎರಡು ಹಾಳೆ ಬರೆದೆ, ಅದಕ್ಕೆ ಮಾತ್ರ ಉತ್ತರವಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರಾ?

ನೀರಿನ ಮಟ್ಟ ನೋಡಿದೆ. ಪೆಟ್ಟಿಗೆ ಬಂದ ಹೊಸತರಲ್ಲಿ ಅಂತರ ನೂರ ಹತ್ತು ಮಿಲಿಮೀಟರ್ ಇತ್ತಂತೆ. ಈಗ ಇಪ್ಪತ್ತೆರಡು. ಭಾವನಿಗೆ ಅದರಿಂದ ಬಹಳ ಖುಷಿ. ಕುಲುಮೆಯ ಮೇಸ್ತ್ರಿ ಅಲ್ಲವೇ, ದಿನಾ ಬೆಳಗ್ಗೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ. "ನೋಡ್ರಪ್ಪಾ, ಜ್ವರ ಇಳಿದ ಹಾಗೆ ಇಳಿದಿದೆ. ಯಂತ್ರ ನಮ್ಮ ಕೈಗೆ ಪಳಗಿತು," ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಅಂಕಿ ದಿನಾ ಇಳಿಯುವುದನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ. ಅದು ಇಲ್ಲಿ ಒಂದು ಪಂದ್ಯದಂತಾಗಿಬಿಟ್ಟಿದೆ. ನಿನ್ನೆ ಒಬ್ಬ, ಸೊನ್ನೆಗೆ ಬಂದರೆ ಯಜಮಾನರು ಎಲ್ಲರಿಗೂ ಬೋನಸ್ ಕೊಡಬೇಕು ಎಂದ.

ನನಗೆ ಮಾತ್ರ ಸಂಜೆ ಚಹಾ ಸೋಸುವಾಗ ಏನೋ ಹೊಳೆಯಿತು. ಗಟ್ಟಿ ಬಟ್ಟೆಯಲ್ಲಿ ಸೋಸಿದರೆ ಚಹಾ ನಿಂತು ನಿಂತು ಇಳಿಯುತ್ತದೆ. ಬಟ್ಟೆ ಹರಿದಿದ್ದರೆ ತಡೆಯೇ ಇಲ್ಲ, ಸುರಿದುಬಿಡುತ್ತದೆ, ಪುಡಿಯ ಸಮೇತ. ತಡೆ ಕಡಿಮೆಯಾಯಿತೆಂದರೆ ಯಂತ್ರ ಪಳಗಿತು ಎಂದೋ, ಬಟ್ಟೆ ತೂತಾಯಿತು ಎಂದೋ? ಒಂಬತ್ತನೇ ತರಗತಿಯವಳಿಗೆ ಹೊಳೆದದ್ದು ನಿನಗೆ ಹೊಳೆಯದೇ ಇರುತ್ತದೆಯೇ.

ಭಾವನಿಗೆ ಹೇಳಿದೆ. ಪೆಟ್ಟಿಗೆಯ ಬಾಗಿಲು ತೆರೆದು ನೋಡೋಣ ಎಂದೆ. "ಅಮ್ಮಾ ತಾಯಿ, ಓಡೋ ಯಂತ್ರದ ಹೊಟ್ಟೆ ಸೀಳಬೇಡ," ಎಂದು ಕೈ ಮುಗಿದರು. ಗ್ಯಾರಂಟಿ ಹೋಗುತ್ತದಂತೆ, ಯಜಮಾನರು ಬೀಗ ಹಾಕಿಸಿದ್ದಾರಂತೆ.

ನೀನು ಹೇಳಿದ ಮೇಲೆ ಭಾವ ಹೊರಗೇ ಬಟ್ಟೆ ಬದಲಿಸಿ ಬರುತ್ತಾರೆ. ಅಕ್ಕ ದಿನಕ್ಕೆ ಆರು ಸಲ ನೆಲ ಒರೆಸುತ್ತಾಳೆ. ಬಕೆಟ್ಟಿನ ನೀರು ಆರು ಸಲವೂ ಕಪ್ಪು. ಗುಬ್ಬಿ ಕಿಟಕಿಯ ಕಟ್ಟೆಗೆ ಬೆರಳು ಒತ್ತಿ ಬಾಯಿಗೆ ಇಟ್ಟುಕೊಳ್ಳುತ್ತಾಳೆ, ಸಕ್ಕರೆ ಅಂಟಿಸಿಕೊಂಡು ತಿನ್ನುವ ಹಾಗೆ. ಸೀಸ ಸಿಹಿ ಇರುತ್ತದಂತೆ, ಹೌದಾ?

ಬಟ್ಟೆ ಎಷ್ಟು ಶಾಖ ತಡೆಯುತ್ತದೆ?

ತಂಗಿ


ಫೆಬ್ರವರಿ 27

ತಂಗಿಗೆ,

ಪಾಲಿಯೆಸ್ಟರ್ ಬಟ್ಟೆ. ನೂರ ಮೂವತ್ತು ಡಿಗ್ರಿ. ಒಮ್ಮೊಮ್ಮೆ ನೂರೈವತ್ತು ಆದರೂ ತಡೆಯುತ್ತದೆ, ದಿನವೂ ಅಲ್ಲ.

ಇಲ್ಲಿ ನಮ್ಮ ಸಾಹೇಬರ ಜೊತೆ ಮಾತಾಡಲು ಸಮಯ ನೋಡುತ್ತಿದ್ದೇನೆ. ಅಲ್ಲಿಯವರೆಗೆ ನೀನು ಏನೂ ಮಾಡಬೇಡ. ಆ ಏಣಿ ಹತ್ತಬೇಡ. ನಮೂನೆ ಫೈಲಿನಲ್ಲಿದೆ, ಕೆಳಗೆ ಸಹಿ ನಿನ್ನದು. ವಿಷಯ ಎದ್ದರೆ ಮೊದಲು ಬೆರಳು ಬರುವುದು ನಿನ್ನ ಕಡೆಗೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಅಣ್ಣ


ಮಾರ್ಚ್ 6

ಅಣ್ಣನಿಗೆ,

ಹತ್ತಿದೆ.

ಕಡ್ಡಿ ಇನ್ನೂ ತೂಕದ ಮನೆಯ ಕಪಾಟಿನಲ್ಲಿ, ನೀನು ಕಳಿಸಿದ ಕಾಗದದಲ್ಲೇ ಸುತ್ತಿಟ್ಟಿತ್ತು. ಸೋಮವಾರ ಬೆಳಗಿನ ಪಾಳಿಯಲ್ಲಿ ಅದನ್ನು ಹಿಡಿದು ಏಣಿಯ ಬುಡಕ್ಕೆ ಹೋದೆ. ಆಗಸ್ಟ್ ತಿಂಗಳಲ್ಲಿ ಹತ್ತಲಿಲ್ಲ ಎಂದು ಭಾವನಿಗೆ ಅಲ್ಲೇ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಹಗ್ಗ ತಂದು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡರು. "ಕೆಳಗೆ ನೋಡಬೇಡ. ನನ್ನನ್ನು ಬೈಕೊಂಡು ಹತ್ತು, ಕಾಲಿಗೆ ಶಕ್ತಿ ಬರುತ್ತೆ," ಎಂದರು. ನಿಜ ಹೇಳುತ್ತೇನೆ, ನಾನು ಬೈದದ್ದು ಅವರನ್ನಲ್ಲ, ನಿನ್ನನ್ನು. ಏಳನೇ ಮೆಟ್ಟಿಲಲ್ಲಿ ಬಹಳ ಬೈದೆ.

ಮಾಲು ಹಾಕುವಾಗ ನೂರ ಇಪ್ಪತ್ತೊಂದು. ಕರಗುವಾಗ ನೂರ ಅರವತ್ತೆಂಟು. ಸೀಸ ಇಳಿಸುವಾಗ ಮುಳ್ಳು ನಿಲ್ಲಲೇ ಇಲ್ಲ, ಇನ್ನೂರ ನಾಲ್ಕರಿಂದ ಇನ್ನೂರ ಹನ್ನೆರಡರವರೆಗೆ ಆಡುತ್ತಿತ್ತು. ಇನ್ನೂರ ಹನ್ನೆರಡು ಎಂದು ಬರೆದೆ. ಮೂರು ಸಲವೂ ಹತ್ತಿ ಇಳಿದೆ. ಮೇಲೆ ಗಾಳಿಯೇ ಇರಲಿಲ್ಲ.

ನಾನು ಇಳಿದ ಮೇಲೆ ಭಾವ ತಾವಾಗಿಯೇ ಹೋಗಿ ಕಬ್ಬಿಣದ ಸಲಾಕೆಯಿಂದ ಪೆಟ್ಟಿಗೆಯ ಬೀಗ ಮುರಿದರು. ಒಳಗೆ ಚೀಲಗಳು ಹೇಗಿವೆ ಗೊತ್ತಾ? ಬಿಸಿ ಇಸ್ತ್ರಿಪೆಟ್ಟಿಗೆ ಮರೆತು ಬಿಟ್ಟ ಅಂಗಿಯ ಹಾಗೆ. ಮುಟ್ಟಿದರೆ ಪುಡಿ. ಎಣಿಸಿದೆವು. ನೂರ ಇಪ್ಪತ್ತರಲ್ಲಿ ಗಟ್ಟಿಯಾಗಿದ್ದವು ಹದಿನಾಲ್ಕು. ಭಾವ ಹೊರಗೆ ಬಂದು ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿಗಳನ್ನು ಅಂಗೈಯಿಂದ ಒರೆಸತೊಡಗಿದರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು. ಇಷ್ಟು ದಿನ ಅವರು ಹೆಮ್ಮೆಯಿಂದ ಬರೆದಿಟ್ಟದ್ದು ಗುಬ್ಬಿಯ ಉಸಿರಿಗೆ ಹೋದ ವಿಷದ ಪಟ್ಟಿ. ಆ ಪಟ್ಟಿಯ ಮೊದಲ ಸಾಲು ನನ್ನದೇ.

ಯಜಮಾನರ ಹತ್ತಿರ ಇಬ್ಬರೂ ಹೋದೆವು. ಶಾಖ ತಡೆಯುವ ಗಾಜಿನ ನೂಲಿನ ಚೀಲ ಬರುವವರೆಗೆ ಕುಲುಮೆ ನಿಲ್ಲಿಸಿ ಎಂದು ಕೇಳಿದೆವು. ಅವರು ಕೂಗಾಡಲಿಲ್ಲ. ಒಂದು ಹಾಳೆ ಮುಂದಿಟ್ಟು, ಅಳೆಯದೇ ಬರೆದೆ ಎಂದು ಬರೆದುಕೊಡು ಎಂದರು. ಬರೆದುಕೊಟ್ಟೆ. ಸತ್ಯ ತಾನೇ. ಓದಿ, ಮಡಚಿ, "ಕಂಪನಿಯಲ್ಲಿ ಇದು ಯಾರಿಗಾದರೂ ಗೊತ್ತಿತ್ತಾ?" ಎಂದು ಕೇಳಿದರು. "ಇಲ್ಲ, ನನ್ನೊಬ್ಬಳಿಗೇ," ಎಂದೆ.

ಕುಲುಮೆ ನಿಲ್ಲಲಿಲ್ಲ. ಮಾರನೇ ದಿನ ಭಾವ ಬೆಂಕಿ ಹೊತ್ತಿಸಲು ಒಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೇರೆ ಮೇಸ್ತ್ರಿ ಬಂದ. ಈಗ ಹೊಗೆ ಬರುತ್ತಿದೆ, ಕಿಟಕಿಗಳಿಗೆ ಅಕ್ಕ ಹಳೇ ಸೀರೆ ತುರುಕಿದ್ದಾಳೆ. ನಾನು ಮಾಲಿನ್ಯ ತಡೆ ಕಚೇರಿಗೆ ಮೂರೂ ಸಂಖ್ಯೆ ಬರೆದು, ಸುಟ್ಟ ಚೀಲದ ತುಂಡನ್ನೂ ಇಟ್ಟು ಕಳಿಸಿದ್ದೇನೆ.

ಒಳ್ಳೆ ಚೀಲ ಕಳಿಸು, ಅಣ್ಣ. ಹೇಗಾದರೂ ಮಾಡಿ ಕಳಿಸು. ನನ್ನ ತಪ್ಪಿಗೆ ನನಗೆ ಏನು ಬೇಕಾದರೂ ಆಗಲಿ.

ತಂಗಿ


ಮಾರ್ಚ್ 19

ಅಣ್ಣನಿಗೆ,

ಹದಿಮೂರು ದಿನವಾಯಿತು. ಪೋಸ್ಟ್‌ಮ್ಯಾನ್ ಈಗ ನನ್ನನ್ನು ಕಂಡರೆ ಸೈಕಲ್ ಇಳಿಯದೇ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ.

ಗುಬ್ಬಿಯ ರಕ್ತ ಮತ್ತೆ ತೆಗೆದರು. ನಲವತ್ತಾರು. ನಿನ್ನೆ ಬೆಳಗ್ಗೆ ಮೈ ಸೆಟೆದು ಕಣ್ಣು ಮೇಲೆ ಮಾಡಿದಳು. ಎರಡು ನಿಮಿಷ ಇರಬಹುದು. ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತುಬಿಟ್ಟಳು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ, ಅಲ್ಲಿ ಹಾಸಿಗೆ ಖಾಲಿಯಾಗಬೇಕು.

ಕಾರ್ಖಾನೆಯ ಮನೆ ಬಿಡಲು ಯಜಮಾನರು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಮಾಲಿನ್ಯ ತಡೆ ಕಚೇರಿಯಿಂದ ಕಾಗದ ಬಂದಿದೆ. ಏಪ್ರಿಲ್ ಒಂಬತ್ತಕ್ಕೆ ವಿಚಾರಣೆ, ನಿನ್ನ ಊರಿನಲ್ಲೇ.

ನೀನು ಬೈದಾದರೂ ಬರೆ.

ತಂಗಿ


ಮಾರ್ಚ್ 24

ತಂಗೀ,

ನಿನ್ನ ಮಾರ್ಚ್ ಆರರ ಪತ್ರ ಹತ್ತಕ್ಕೇ ಬಂದಿತ್ತು. ನಾಲ್ಕು ಸಲ ಉತ್ತರ ಬರೆದು ಹರಿದೆ.

ಕಂಪನಿಯಲ್ಲಿ ಯಾರಿಗಾದರೂ ಗೊತ್ತಿತ್ತಾ ಎಂದು ಕೇಳಿದರೆ ಇಲ್ಲ ಎಂದೆಯಲ್ಲ. ನನಗೆ ಗೊತ್ತಿತ್ತು.

ಆಗಸ್ಟ್ ತಿಂಗಳಲ್ಲಿ ನಿನ್ನ ನಮೂನೆ ಬಿಚ್ಚಿದಾಗಲೇ ಗೊತ್ತಾಯಿತು. ನೂರ ಐದು, ನೂರ ಹತ್ತು, ನೂರ ಹದಿನೈದು. ಅಳೆದ ಸಂಖ್ಯೆ ಹಾಗೆ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲುವುದಿಲ್ಲ. ಹನ್ನೆರಡು ವರ್ಷ ಇದೇ ಕೆಲಸ ಮಾಡಿದವನು ನಾನು. ಬ್ಯಾಟರಿ ಸೀಸದ ಕುಲುಮೆ, ಅಷ್ಟು ಗಿಡ್ಡ ಕೊಳವೆ, ಸೀಸ ಇಳಿಸುವಾಗ ನೂರ ಹದಿನೈದು ಇರಲು ಸಾಧ್ಯವೇ ಇಲ್ಲ. ಆದರೆ ನೂರ ಮೂವತ್ತರ ಒಳಗೆ ಇದ್ದರೆ ಪಾಲಿಯೆಸ್ಟರ್ ಸಾಕು, ಗಾಜಿನ ನೂಲಿನದು ಬೇಡ. ಪಾಲಿಯೆಸ್ಟರ್ ಹಾಕಿದರೆ ಮಾತ್ರ ನಮ್ಮ ದರ ಉಳಿದವರಿಗಿಂತ ಕೆಳಗೆ ಬರುತ್ತಿತ್ತು. ನಿನ್ನ ಸುಳ್ಳು ನನಗೆ ಬೇಕಾದ ಅಳತೆಗೆ ಹೊಲಿದಂತೆ ಬಂತು. ನಾನು ಏನನ್ನೂ ಕೇಳಲಿಲ್ಲ.

ಇನ್ನೂ ಇದೆ. ನಮೂನೆಯ ಕೊನೆಯಲ್ಲಿ ನಮ್ಮವರು ಸ್ಥಳಕ್ಕೆ ಹೋಗಿ ಮತ್ತೆ ಅಳೆದು ಸಹಿ ಮಾಡಬೇಕಾದ ಒಂದು ಸಾಲಿದೆ. ಎರಡು ದಿನ ರಜೆ ಮಂಜೂರಾಗಿತ್ತು, ಟಿಕೆಟ್ಟೂ ಆಗಿತ್ತು. ನಿಮ್ಮನ್ನೆಲ್ಲ ನೋಡಿದ ಹಾಗೂ ಆಗುತ್ತದೆ ಎಂದುಕೊಂಡಿದ್ದೆ. ಹೋದರೆ ಅಳೆಯಬೇಕು, ಅಳೆದರೆ ಆರ್ಡರ್ ಹೋಗುತ್ತದೆ. ಹೋಗಲಿಲ್ಲ. ಹೋಗಿ ನೋಡಿದೆ ಎಂದು ಸಹಿ ಮಾಡಿದೆ. ಏಣಿ ಹತ್ತದವಳು ನೀನೊಬ್ಬಳೇ ಅಲ್ಲ.

ನಿನ್ನನ್ನು ಕಾಲೂರಿ ನಿಲ್ಲು ಎಂದೆ, ಬಾಯಿ ಮುಚ್ಚಿಕೊಂಡಿರು ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಬುದ್ಧಿ ಅದು.

ವಿಚಾರಣೆಗೆ ಕಂಪನಿಯ ಕಡೆಯಿಂದ ನನ್ನನ್ನೇ ಕಳಿಸುತ್ತಿದ್ದಾರೆ. ಅಳತೆ ತಪ್ಪು ಕೊಟ್ಟಿದ್ದು ಕಾರ್ಖಾನೆಯವರೇ ಎಂದು ಹೇಳಬೇಕಂತೆ. ಅದು ಸುಳ್ಳೂ ಅಲ್ಲವಲ್ಲ ಎಂದು ಸಾಹೇಬರು ನಕ್ಕರು. ನಾನು ಬಾಯಿ ಬಿಟ್ಟರೆ ಈ ಕೆಲಸ ಹೋಗುತ್ತದೆ, ಈ ವೃತ್ತಿಯಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಏನು ಮಾಡಲಿ ಎಂದು ನಿನ್ನನ್ನು ಕೇಳುವ ಮುಖ ನನಗಿಲ್ಲ.

ಓದಿದ ಮೇಲೆ ಈ ಪತ್ರವನ್ನು ಒಲೆಗೆ ಹಾಕು.

ಅಣ್ಣ


ಮಾರ್ಚ್ 30

ಅಣ್ಣನಿಗೆ,

ಒಲೆಗೆ ಹಾಕಲಿಲ್ಲ. ಇಲ್ಲಿ ಸುಟ್ಟದ್ದೆಲ್ಲ ಗುಬ್ಬಿಯ ಮೇಲೇ ಬಂದು ಕೂರುತ್ತದೆ.

ಮೊದಲ ಸಲ ಓದಿದಾಗ ನನಗೆ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ. ಎಲ್ಲ ನನ್ನೊಬ್ಬಳಿಂದಲೇ ಆದದ್ದಲ್ಲ ಅನ್ನಿಸಿತು. ಎರಡನೇ ಸಲ ಓದುವಾಗ ಅಕ್ಕ ಪಕ್ಕದಲ್ಲಿ ಮಗುವಿನ ಬಟ್ಟೆ ಗಂಟು ಕಟ್ಟುತ್ತಿದ್ದಳು. ಎರಡು ಸುಳ್ಳು ಸೇರಿದರೆ ಒಂದಾದರೂ ಅರ್ಧ ಆಗುತ್ತದೆಯೇ? ಆಗುವುದಿಲ್ಲ. ಅವಳ ಕೈಗೇ ಪತ್ರ ಕೊಟ್ಟೆ. ಓದಿ ಹಿಂದಿರುಗಿಸಿದಳು. "ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಒಂದು ಏಣಿ ಹತ್ತೋಕಾಗಲಿಲ್ವಾ?" ಎಂದಳು. ಆಮೇಲೆ ಗಂಟು ಕಟ್ಟಿದಳು.

ನಿನ್ನ ಪತ್ರವನ್ನು ಇದರ ಜೊತೆಯಲ್ಲೇ ವಾಪಸ್ ಕಳಿಸುತ್ತಿದ್ದೇನೆ. ನನ್ನ ಹತ್ತಿರ ನಕಲು ಇಲ್ಲ, ಬೇಕಾದರೆ ನೀನು ಸುಟ್ಟುಕೊಳ್ಳಬಹುದು. ಒಂಬತ್ತಕ್ಕೆ ನಾನು ಅಲ್ಲಿರುತ್ತೇನೆ. ಕಂಪನಿಯಲ್ಲಿ ಯಾರಿಗಾದರೂ ಗೊತ್ತಿತ್ತಾ ಎಂದು ಅವರೂ ಕೇಳುತ್ತಾರೆ. ಯಜಮಾನರಿಗೆ ಇಲ್ಲ ಎಂದಾಗ ಅದು ನಿಜವೆಂದುಕೊಂಡಿದ್ದೆ. ಈಗ ಹಾಗೆ ಹೇಳಲಾರೆ. ನನ್ನ ಅಣ್ಣನಿಗೆ ಗೊತ್ತಿತ್ತು ಎನ್ನುತ್ತೇನೆ. ಕಾಗದವಿಲ್ಲದೆ ನನ್ನ ಮಾತನ್ನು ಅವರು ನಂಬದೇ ಇರಬಹುದು. ಒಮ್ಮೆ ಸುಳ್ಳು ಬರೆದುಕೊಟ್ಟ ತೂಕದ ಕಟ್ಟೆಯ ಹುಡುಗಿ, ಶಾಲೆ ಬಿಟ್ಟವಳು. ನಂಬದಿದ್ದರೆ ತಪ್ಪೆಲ್ಲ ಕಾರ್ಖಾನೆಯದೆಂದು ನಿಮ್ಮ ಸಾಹೇಬರು ಕೈ ತೊಳೆದುಕೊಳ್ಳುತ್ತಾರೆ, ಯಂತ್ರ ಮಾಡಿದವರದೆಂದು ಯಜಮಾನರು ತೊಳೆದುಕೊಳ್ಳುತ್ತಾರೆ, ಕುಲುಮೆ ಉರಿಯುತ್ತಲೇ ಇರುತ್ತದೆ. ನಮ್ಮ ಸಾಲಿನಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದಾರೆ. ಅವರ ರಕ್ತವನ್ನು ಯಾರೂ ತೆಗೆದು ನೋಡಿಲ್ಲ.

ಬೆದರಿಸುತ್ತಿದ್ದೇನೆ ಎಂದುಕೊಳ್ಳಬೇಡ. ಏಣಿ ಹತ್ತುವಾಗ ಭಾವ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರಲ್ಲ, ಅಂಥದ್ದೇ ಇದೂ ಎಂದುಕೋ. ಪತ್ರವನ್ನು ನೀನೇ ತಂದು ನೀನೇ ಓದಿದರೆ ಚೆನ್ನಾಗಿರುತ್ತದೆ. ನನ್ನನ್ನು ಬೈದುಕೊಂಡು ಬಾ.

ಇಲ್ಲಿಯ ಸುದ್ದಿ ಹೆಚ್ಚಿಲ್ಲ. ಗುಬ್ಬಿಗೆ ಮೊನ್ನೆ ಇನ್ನೊಮ್ಮೆ ಹಾಗೇ ಆಯಿತು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದೆ. ರಕ್ತದಿಂದ ಸೀಸ ಇಳಿಸುವ ಔಷಧ ಐದು ದಿನ ಸೂಜಿಯಲ್ಲಿ ಕೊಡುತ್ತಾರಂತೆ. ಹೋದ ಮಾತು ಮತ್ತೆ ಬರುತ್ತದೆಯೇ ಎಂದು ಕೇಳಿದೆ. ಡಾಕ್ಟರು ಮುಖ ನೋಡದೆ ಚೀಟಿ ಬರೆದರು. ಅಲ್ಲಿಂದ ಬಂದ ಮೇಲೆ ಹೊಗೆಯಿಲ್ಲದ ಕಡೆ ಒಂದು ಕೋಣೆ ಹುಡುಕಬೇಕು. ಭಾವ ಮನೆಯ ಬೀಗದ ಕೈಯನ್ನು ಯಜಮಾನರ ಮೇಜಿನ ಮೇಲಿಟ್ಟು ಬಂದರು. ಸಾಮಾನು ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಅಳೆಯುವ ಕಡ್ಡಿ. ಕಡ್ಡಿ ನಿಮ್ಮ ಕಂಪನಿಯದು, ಒಂಬತ್ತಕ್ಕೆ ತಂದು ಕೊಡುತ್ತೇನೆ.

ಬಸ್ಸು ಬೆಳಗ್ಗೆ ಆರೂವರೆಗೆ. ನಾಳೆ ಹೊರಡುತ್ತೇವೆ.

ತಂಗಿ